ಕರೆಂಟ್ ಹೋದರೆ ಮೊದಲು ಲಿವರ್ ಝೀರೋಗೆ

ಲೇತ್ ಮೆಷಿನ್‌ನಲ್ಲಿ ಕಬ್ಬಿಣ ಕಡೆಯಲು ಕಲಿಸುವ ಟರ್ನರ್ ಶಾಪ್‌ಗೆ ಹೊಸದಾಗಿ ಬಂದ ಹುಡುಗರು ಓಡುವ ಮೆಷಿನ್‌ಗೆ ಹೆದರುತ್ತಾರೆ. ನನಗೆ ಹೆದರಿಕೆ ನಿಂತ ಮೆಷಿನ್ ಕಂಡರೆ, ಅದರಲ್ಲೂ ಕರೆಂಟ್ ಹೋಗಿ ನಿಂತದ್ದು ಕಂಡರೆ. ಚಕ್, ಅಂದರೆ ರಾಡನ್ನು ಕಚ್ಚಿ ಹಿಡಿಯುವ ಭಾಗ, ತಿರುಗುವಾಗ ಯಾರೂ ಕೈ ಹಾಕುವುದಿಲ್ಲ. ನಿಂತ ಕೂಡಲೇ ಎಲ್ಲರ ಕೈಯೂ ಒಳಗೆ ಹೋಗುತ್ತದೆ. ಒಬ್ಬ ಚಿಪ್ಸ್ (ಕಡೆದ ಕಬ್ಬಿಣದ ಚೂರು) ತೆಗೆಯುತ್ತಾನೆ, ಒಬ್ಬ ಜಾಬ್ (ಕಡೆಯುತ್ತಿರುವ ತುಂಡು) ಅಳೆಯುತ್ತಾನೆ, ಇನ್ನೊಬ್ಬ ಟೂಲ್ ಸರಿ ಮಾಡುತ್ತಾನೆ.

ನಾನು ಒಂದು ತಾಲ್ಲೂಕು ಊರಿನ ಸರ್ಕಾರಿ ಐಟಿಐನಲ್ಲಿ ಜೆಟಿಓ, ಅಂದರೆ ಕಿರಿಯ ತರಬೇತಿ ಅಧಿಕಾರಿ. ನಮ್ಮ ಲೇತ್‌ಗಳಲ್ಲಿ ಹೆಚ್ಚಿನವು ಹಳೆಯವು, ಡ್ರಮ್ ಸ್ವಿಚ್ ಇರುವಂಥವು. ಲಿವರ್ ಒಂದು ಕಡೆ ಫಾರ್ವರ್ಡ್, ಇನ್ನೊಂದು ಕಡೆ ರಿವರ್ಸ್, ನಡುವೆ ಝೀರೋ. ಕರೆಂಟ್ ಹೋದರೆ ಲಿವರ್ ತಾನಾಗಿ ಝೀರೋಗೆ ಬರುವುದಿಲ್ಲ, ಹಾಕಿದಲ್ಲೇ ಇರುತ್ತದೆ. ಕರೆಂಟ್ ವಾಪಸ್ ಬಂದರೆ ಮೋಟಾರ್ ಯಾರನ್ನೂ ಕೇಳದೆ ಶುರುವಾಗುತ್ತದೆ. 2022ರಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳು ಟೆಕ್ನಾಲಜಿ ಹಬ್ ಆದವು, ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮೆಷಿನ್‌ಗಳು ಬಂದವು. ಅವು ಕರೆಂಟ್ ಬಂದ ತಕ್ಷಣ ತಾವಾಗಿ ಓಡುವುದಿಲ್ಲ. ಆದರೆ ಮೊದಲ ವರ್ಷದ ಹುಡುಗ ಕೈ ಪಳಗಿಸುವುದು ಇಂದಿಗೂ ಹಳೇ ಲೇತ್ ಮೇಲೆಯೇ.

ಆ ದಿನ ಸ್ಟೆಪ್ ಟರ್ನಿಂಗ್, ಅಂದರೆ ರಾಡನ್ನು ಮೆಟ್ಟಿಲಿನ ಹಾಗೆ ಕಡೆಯುವ ಕೆಲಸ ನಡೆಯುತ್ತಿತ್ತು. 40 ಎಂಎಂ ಮೈಲ್ಡ್ ಸ್ಟೀಲ್ ರಾಡ್, ಹೈ ಸ್ಪೀಡ್ ಸ್ಟೀಲ್ ಟೂಲ್. ಕರೆಂಟ್ ಹೋಯಿತು. 'ಎಲ್ಲ ಝೀರೋಗೆ ಹಾಕ್ರೋ' ಎಂದು ಕೂಗಿದೆ. ಟಕ್ ಟಕ್ ಎಂದು ಲಿವರ್‌ಗಳ ಸದ್ದು ಕೇಳಿತು. ಎಲ್ಲರೂ ಹಾಕಿದರು ಎಂದುಕೊಂಡು ಟೂಲ್ ರೂಮ್‌ಗೆ ಹೋದೆ. ಬೆಳಗಿನ ಹೊತ್ತು ಹೋದ ಕರೆಂಟ್ ನಮ್ಮೂರಲ್ಲಿ ಅರ್ಧ ಗಂಟೆ ಬರುವುದಿಲ್ಲ. ಅಷ್ಟರಲ್ಲಿ ಇಶ್ಯೂ ರಿಜಿಸ್ಟರ್ ಬರೆದು ಮುಗಿಸೋಣ ಎನ್ನುವುದು ನನ್ನ ಲೆಕ್ಕ.

ನಾಲ್ಕಾರು ಲಿವರ್ ಸದ್ದು ಕೇಳಿದರೆ ಎಲ್ಲ ಲಿವರ್ ಝೀರೋಗೆ ಬಂದಿವೆ ಎಂದಲ್ಲ. ಈಗ ಇದು ಹೇಳುವುದಕ್ಕೂ ಬೇಕಿಲ್ಲದ ಮಾತು ಅನ್ನಿಸುತ್ತದೆ. ಆಗ ಹೊಳೆಯಲಿಲ್ಲ. ಮೆಷಿನ್ ಪಕ್ಕ ನಡೆದು ಒಂದೊಂದೇ ಲಿವರ್ ನೋಡಿದ್ದರೆ ಎರಡು ನಿಮಿಷವೂ ಆಗುತ್ತಿರಲಿಲ್ಲ.

ಕೊನೆಯ ಸಾಲಿನ ಒಬ್ಬ ಹುಡುಗ ಲಿವರ್ ಮುಟ್ಟಿರಲಿಲ್ಲ. ಮೆಷಿನ್ ನಿಂತಿದೆಯಲ್ಲ, ಜಾಬ್ ಬಿಚ್ಚಿ ಅಳೆಯೋಣ ಎಂದು ಚಕ್ ಸಡಿಲಿಸುವ ಚಕ್ ಕೀ ಹಾಕಿದ್ದ. ಸ್ವಲ್ಪ ಸಡಿಲಿಸಿ, ಕೀ ಅಲ್ಲೇ ಬಿಟ್ಟು, ಟ್ರೇನಲ್ಲಿದ್ದ ವರ್ನಿಯರ್ ತೆಗೆದುಕೊಳ್ಳಲು ಬಗ್ಗಿದ್ದಾನೆ. ಅದೇ ಹೊತ್ತಿಗೆ ಕರೆಂಟ್ ಬಂತು.

ಮೊದಲು ಮೋಟಾರ್ ಗುಂಯ್ ಎಂದಿತು. ಆಮೇಲೆ ಮೆಷಿನ್ ಬೆಡ್‌ಗೆ ಕಬ್ಬಿಣ ಬಡಿದ ಸದ್ದು. ಇಂಥ ರಾಡ್‌ಗೆ ನಾವು 200ರಿಂದ 240 ಆರ್‌ಪಿಎಂ ಇಡುತ್ತೇವೆ. 240 ಎಂದರೆ ಸೆಕೆಂಡಿಗೆ 4 ಸುತ್ತು. ಕಟಿಂಗ್ ಸ್ಪೀಡ್ ಲೆಕ್ಕ ಹಾಕಿಸುವಾಗ ನಿಧಾನ ಅನ್ನಿಸುವ ಈ ಸ್ಪೀಡ್, ಚಕ್‌ನಲ್ಲಿ ಕೀ ಇದ್ದಾಗ ನಿಧಾನವಲ್ಲ. ಕಣ್ಣು ನೋಡಿ, ಕೈ ಹಿಂದೆ ಬರುವಷ್ಟರಲ್ಲಿ ಒಂದು ಸುತ್ತು ಮುಗಿದಿರುತ್ತದೆ.

ಟೂಲ್ ರೂಮಿನಿಂದ ಓಡಿದೆ. ಮೇನ್ ಬೋರ್ಡ್ ಬಾಗಿಲ ಪಕ್ಕದಲ್ಲಿದೆ, ಅದರ ಮುಂದೆ ಹುಡುಗರ ಬ್ಯಾಗ್‌ಗಳ ರಾಶಿ. ಕಾಲಲ್ಲಿ ಒದ್ದು, ಕೈ ಚಾಚಿ ಮೇನ್ ಎಳೆದೆ. ಚಕ್ ಇನ್ನೂ ತಿರುಗುತ್ತಲೇ ಇತ್ತು. ಪೂರ್ತಿ ನಿಲ್ಲುವವರೆಗೆ ಒಬ್ಬರೂ ಮಾತಾಡಲಿಲ್ಲ. ಆ ಹುಡುಗ ಮೆಷಿನ್ ಪಕ್ಕ ಬಗ್ಗಿಯೇ ಇದ್ದ. ಅವನ ಮುಖ ಕಾಣುತ್ತಿತ್ತು, ಕೈ ಕಾಣುತ್ತಿರಲಿಲ್ಲ. 'ಎಲ್ಲರೂ ಎರಡೂ ಕೈ ಮೇಲೆತ್ತಿ' ಎಂದೆ. ಅವನು ಎತ್ತಿದ. ಒಂದು ಕೈಯಲ್ಲಿ ವರ್ನಿಯರ್ ಇತ್ತು, ಎರಡೂ ಕೈ ಸರಿಯಾಗಿದ್ದವು. ಚಕ್‌ನಿಂದ ಹಾರಿದ ಕೀ, ಗ್ರೈಂಡರ್ ಹತ್ತಿರ ಸಿಕ್ಕಿತು. ಅಲ್ಲಿ ಗೋಡೆಯ ಗಾರೆ ಎದೆಯ ಎತ್ತರದಲ್ಲಿ ಕಿತ್ತು ಬಂದಿತ್ತು. ಗ್ರೈಂಡರ್ ಮುಂದೆ ಟೂಲ್ ಚೂಪು ಮಾಡಲು ಯಾವಾಗಲೂ ಒಬ್ಬರಾದರೂ ನಿಂತಿರುತ್ತಾರೆ. ಕರೆಂಟ್ ಇರಲಿಲ್ಲವಾದ್ದರಿಂದ ಆಗ ಯಾರೂ ಇರಲಿಲ್ಲ.

'ಸಾರ್, ಕರೆಂಟ್ ಇಷ್ಟು ಬೇಗ ಬರುತ್ತೆ ಅಂತ ಗೊತ್ತಿರಲಿಲ್ಲ' ಎಂದ ಆ ಹುಡುಗ. ಅವನಿಗೆ ಬೈಯಲಿಲ್ಲ. ನನ್ನ ಲೆಕ್ಕವೂ ಅದೇ ಆಗಿತ್ತಲ್ಲ.

ಗೋಡೆ ಮೇಲೆ ಸುರಕ್ಷತಾ ನಿಯಮಗಳ ಬೋರ್ಡ್ ಇದೆ. 'ಚಕ್ ಕೀಯನ್ನು ಚಕ್‌ನಲ್ಲಿ ಬಿಡಬಾರದು' ಎಂದು ದೊಡ್ಡ ಅಕ್ಷರದಲ್ಲಿ ಬರೆದಿದೆ. ಥಿಯರಿ ಪರೀಕ್ಷೆಯಲ್ಲಿ ಹುಡುಗರು ತಪ್ಪದೆ ಬರೆಯುತ್ತಾರೆ. ಅದು ಕೈಗೆ ಬರಬೇಕಾದರೆ ದಿನಾ ಮಾಡಿಸಬೇಕು. ಗರಡಿಯಲ್ಲಿ ಬಸ್ಕಿ ಹೊಡೆಸಿದ ಹಾಗೆ, ಬೇಜಾರಾಗುವಷ್ಟು ಮಾಡಿಸಬೇಕು.

ಈಗ ನಮ್ಮ ಶಾಪ್‌ನಲ್ಲಿ ಕರೆಂಟ್ ಹೋದರೆ ಹೀಗೆ. ಲಿವರ್ ಝೀರೋ. ಟೂಲ್ ಜಾಬ್‌ನಿಂದ ಹಿಂದಕ್ಕೆ, ಯಾಕೆಂದರೆ ಕಟ್‌ನಲ್ಲಿ ಸಿಕ್ಕಿಕೊಂಡ ಟೂಲ್ ಮೇಲೆ ಮೆಷಿನ್ ಮತ್ತೆ ಶುರುವಾದರೆ ಟೂಲ್‌ನ ತುದಿ ಉಳಿಯುವುದಿಲ್ಲ. ಚಕ್ ಕೀ ಹಳದಿ ಬೋರ್ಡ್‌ನ ಕೊಕ್ಕೆಗೆ. ಎಲ್ಲರೂ ಹಳದಿ ಗೆರೆಯ ಹಿಂದೆ. ಆ ವಾರದ ಲೀಡರ್ ಮೇನ್ ಆಫ್ ಮಾಡುತ್ತಾನೆ. ಕರೆಂಟ್ ಬಂದದ್ದು ಪ್ಯಾನಲ್ ಮೇಲಿನ ಆರ್ ವೈ ಬಿ (ಕೆಂಪು, ಹಳದಿ, ನೀಲಿ) ಲ್ಯಾಂಪ್‌ಗಳಿಂದ ಗೊತ್ತಾಗುತ್ತದೆ. ಆದರೆ ಮೇನ್ ಹಾಕುವುದು ನಾನೇ. ಹಾಕುವ ಮೊದಲು ಮೆಷಿನ್ ನಂಬರ್ ಕೂಗುತ್ತೇನೆ, ಆ ಮೆಷಿನ್‌ನವನು ಲಿವರ್ ಕಣ್ಣಾರೆ ನೋಡಿ 'ಝೀರೋ' ಅನ್ನಬೇಕು. ಉತ್ತರ ಬರದಿದ್ದರೆ ನಾನೇ ಹೋಗಿ ನೋಡುತ್ತೇನೆ. ಕೊಕ್ಕೆಗಳಲ್ಲಿ ಒಂದು ಖಾಲಿ ಇದ್ದರೂ ಮೇನ್ ಹಾಕುವುದಿಲ್ಲ.

ಮೊದಲ ವಾರ ಜಾಬ್ ಕಟ್ಟದೆ ಖಾಲಿ ಮೆಷಿನ್ ಮೇಲೆ ಇದನ್ನು ಮಾಡಿಸುತ್ತೇನೆ. ಹೇಳದೆ ಕೇಳದೆ ಮೇನ್ ಎಳೆಯುತ್ತೇನೆ. ಮೊದಮೊದಲು ನಗುತ್ತಾರೆ, ಕಿಟಕಿ ಕಡೆ ಹೋಗುತ್ತಾರೆ. ಆಮೇಲೆ ದೀಪ ಆರಿದ ಕೂಡಲೇ ಕೈ ತಾನಾಗಿ ಲಿವರ್‌ಗೆ ಹೋಗುತ್ತದೆ. ಅದನ್ನು ನೋಡಿದರೆ ನನಗೆ ನಿಜಕ್ಕೂ ಸಂತೋಷ. ಒಳ್ಳೆ ಫಿನಿಶ್ ಬಂದ ಜಾಬ್ ನೋಡಿದಾಗ ಆಗುವಷ್ಟೇ ಸಂತೋಷ.

ಬ್ಯಾಗ್‌ಗಳಿಗೆ ಹೊರಗೆ ಕಾರಿಡಾರ್‌ನಲ್ಲಿ ರ‍್ಯಾಕ್ ಇಟ್ಟಿದ್ದೇವೆ. ಮೇನ್ ಬೋರ್ಡ್ ಮುಂದೆ ಕೆಂಪು ಚೌಕ ಬಳಿದಿದ್ದೇವೆ, ಅದರೊಳಗೆ ಏನೂ ಇಡುವಂತಿಲ್ಲ. ಇದಕ್ಕೆ ಬೇಕಾದದ್ದು ಒಂದು ಡಬ್ಬಿ ಪೇಂಟ್ ಅಷ್ಟೇ.

ಬಾಗಿಲಲ್ಲಿ ಇನ್ನೊಂದು ತಪಾಸಣೆ ಇದೆ. ಐಡಿ ಕಾರ್ಡ್ ಟ್ಯಾಗ್ ಕುತ್ತಿಗೆಯಿಂದ ತೆಗೆದು ಜೇಬಿಗೆ, ಕಡಗ ಕಳಚಿ ಡಬ್ಬಿಗೆ, ಉದ್ದ ಕೂದಲು ಕ್ಯಾಪ್ ಒಳಗೆ. ಮಣಿಕಟ್ಟಿನ ದೇವರ ದಾರ ತೆಗೆಯಲು ಕೆಲವರಿಗೆ ಮನಸ್ಸು ಬರುವುದಿಲ್ಲ. ನಾನು ಒತ್ತಾಯ ಮಾಡುವುದಿಲ್ಲ. ರಟ್ಟೆಗೆ ಕಟ್ಟಿಕೋ ಎನ್ನುತ್ತೇನೆ, ತಾಯಿತ ಕಟ್ಟುವುದು ಅಲ್ಲೇ ಅಲ್ವಾ? ಒಪ್ಪುತ್ತಾರೆ. ತೊಂದರೆ ಬರುವುದು ಮೇಲಿನವರಿಂದ. ತಪಾಸಣೆಗೆ ಬಂದವರು ಐಡಿ ಕಾರ್ಡ್ ಕುತ್ತಿಗೆಯಲ್ಲಿ ಯಾಕಿಲ್ಲ, ಗ್ಲೌಸ್ ಯಾಕೆ ಹಾಕಿಸಿಲ್ಲ ಎಂದು ಕೇಳುತ್ತಾರೆ. ವೆಲ್ಡಿಂಗ್‌ಗೆ ಗ್ಲೌಸ್ ಬೇಕೇ ಬೇಕು. ತಿರುಗುವ ಚಕ್ ಮುಂದೆ ಅದೇ ಗ್ಲೌಸ್ ಬೆರಳನ್ನು ಒಳಗೆ ಎಳೆಯುತ್ತದೆ. ಚಿಪ್ಸ್ ತೆಗೆಯಲು ಹುಕ್ ಇದೆ, ಬ್ರಷ್ ಇದೆ. ಓಡುವ ಯಂತ್ರದ ಹತ್ತಿರ ಹೋಗಬೇಕಾದ ಕೆಲಸಗಾರ ಬಿಗಿಯಾದ ಬಟ್ಟೆ ತೊಟ್ಟಿರಬೇಕು ಎಂದು 1948ರ ಫ್ಯಾಕ್ಟರೀಸ್ ಆ್ಯಕ್ಟ್‌ನ 22ನೇ ಸೆಕ್ಷನ್ನೇ ಹೇಳುತ್ತಿತ್ತು, 2025ರಲ್ಲಿ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬರುವವರೆಗೆ. ಆ ಪುಟ ತೋರಿಸಿದ ಮೇಲೆ ಒಬ್ಬ ಅಧಿಕಾರಿ ಒಪ್ಪಿಕೊಂಡು ಹೋದರು. ಎಲ್ಲರೂ ಹಾಗಿರುವುದಿಲ್ಲ.

ಅಭ್ಯಾಸ ಎಷ್ಟೇ ಗಟ್ಟಿಯಾದರೂ ಮನುಷ್ಯ ಮರೆಯುತ್ತಾನೆ. ಆದ್ದರಿಂದ ಮೆಷಿನ್ನೇ ಸರಿಯಾಗಬೇಕು. ಡಿಓಎಲ್ (ಡೈರೆಕ್ಟ್ ಆನ್ ಲೈನ್) ಸ್ಟಾರ್ಟರ್ ಹಾಕಿದರೆ ಕರೆಂಟ್ ಹೋದಾಗ ಅದರ ಕಾಯಿಲ್ ಬಿಡುತ್ತದೆ, ಮೋಟಾರ್‌ಗೆ ಕರೆಂಟ್ ಕೊಡುವ ಸ್ವಿಚ್ಚಾದ ಕಾಂಟ್ಯಾಕ್ಟರ್ ತೆರೆಯುತ್ತದೆ. ಮತ್ತೆ ಹಸಿರು ಬಟನ್ ಒತ್ತುವವರೆಗೆ ಮೋಟಾರ್ ಓಡುವುದಿಲ್ಲ. ಸ್ಟಾರ್ಟರ್ ಬೇಕೆಂದು ಇಂಡೆಂಟ್ (ಬೇಡಿಕೆ ಪತ್ರ) ಬರೆದೆ. ಅದು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಿ ಕೂತಿತು. ಚಾರ್ಟ್‌ಗೆ, ಬೋರ್ಡ್‌ಗೆ ಹಣ ಬೇಗ ಬರುತ್ತದೆ, ಅವು ಫೋಟೋದಲ್ಲಿ ಕಾಣುತ್ತವೆ. ಪ್ಯಾನಲ್ ಒಳಗಿನ ಕಾಂಟ್ಯಾಕ್ಟರ್ ಕಾಣುವುದಿಲ್ಲ. ಈ ಮಾತು ಬೇಸರದಿಂದಲೇ ಬರೆಯುತ್ತಿದ್ದೇನೆ.

ಕೊನೆಗೆ ಎದುರಿನ ಎಲೆಕ್ಟ್ರಿಷಿಯನ್ ಟ್ರೇಡ್‌ನ ಜೆಟಿಓ ದಾರಿ ಹೇಳಿದರು. ಸ್ಟಾರ್ಟರ್ ಕನೆಕ್ಷನ್ ಅವರ ಹುಡುಗರ ಪ್ರಾಕ್ಟಿಕಲ್‌ನಲ್ಲೇ ಇದೆ. ಸ್ಟೋರ್‌ನಲ್ಲಿದ್ದ ಸ್ಟಾರ್ಟರ್‌ಗಳನ್ನು ರಿಪೇರಿ ಮಾಡಿ, ಅವರೇ ಮುಂದೆ ನಿಂತು, ಹುಡುಗರ ಕೈಯಲ್ಲಿ ನಮ್ಮ ಮೆಷಿನ್‌ಗಳಿಗೆ ಹಾಕಿಸುತ್ತಿದ್ದಾರೆ. ಕೊನೆಯ ಸಾಲಿನ ಮೆಷಿನ್‌ಗೇ ಮೊದಲು ಹಾಕಿಸಿದೆವು. ಕೆಲವು ಇನ್ನೂ ಬಾಕಿ ಇವೆ. ಬಾಕಿ ಇರುವುದರ ಲಿವರ್‌ಗೆ ಕೆಂಪು ಟೇಪ್ ಸುತ್ತಿದ್ದೇವೆ, ಹೊಸ ಹುಡುಗರನ್ನು ಅಲ್ಲಿ ನಿಲ್ಲಿಸುವುದಿಲ್ಲ.

ಚಕ್ ಕೀಗಳಿಗೆ ಸ್ಪ್ರಿಂಗ್ ಕೂಡ ಹಾಕಿಸಿದೆವು. ಕೈ ಬಿಟ್ಟರೆ ಕೀ ತಾನೇ ಹೊರಗೆ ಬೀಳುತ್ತದೆ. ಒತ್ತಿ ಹಿಡಿಯುವುದು ಕಷ್ಟ ಎಂದು ಹುಡುಗರು ಸ್ಪ್ರಿಂಗ್ ಕಿತ್ತುಹಾಕುತ್ತಾರೆ. ಹಾಗಾಗಿ ಸಂಜೆ ಕ್ಲೀನಿಂಗ್ ಆದ ಮೇಲೆ ಕೀ ಎಣಿಸುವಾಗ ಸ್ಪ್ರಿಂಗ್ ಇದೆಯೇ ಎಂದೂ ನೋಡುತ್ತೇವೆ.

ಬೇರೆ ಐಟಿಐಗಳಲ್ಲಿ, ಡಿಪ್ಲೊಮಾ ವರ್ಕ್‌ಶಾಪ್‌ಗಳಲ್ಲಿ ಇರುವವರು ಒಂದು ಪರೀಕ್ಷೆ ಮಾಡಿ. ಹುಡುಗರು ಊಟಕ್ಕೆ ಹೋದಾಗ ಒಂದು ಮೆಷಿನ್‌ನಿಂದ ಜಾಬ್, ಕೀ ಎಲ್ಲ ತೆಗೆಯಿರಿ. ಉಳಿದ ಮೆಷಿನ್‌ಗಳೆಲ್ಲ ಝೀರೋದಲ್ಲಿರಲಿ. ಖಾಲಿ ಮೆಷಿನ್ ಓಡಿಸಿ, ಮೇನ್ ಆಫ್ ಮಾಡಿ, ಚಕ್ ನಿಂತ ಮೇಲೆ ದೂರದಿಂದಲೇ ಮೇನ್ ಹಾಕಿ. ಚಕ್ ತಾನಾಗಿ ತಿರುಗಿದರೆ ಆ ಮೆಷಿನ್ ನಂಬರ್ ಬರೆದಿಟ್ಟುಕೊಳ್ಳಿ. ನಿಮ್ಮ ಎಲೆಕ್ಟ್ರಿಷಿಯನ್ ಸೆಕ್ಷನ್‌ನವರ ಹತ್ತಿರ ಅವತ್ತೇ ಮಾತಾಡಿ.