ಬೆಕ್ಕು ಕುಣಿಸಿದರೆ ಬರವಣಿಗೆ ಬರುತ್ತಾ?

ರಜೆಗೆ ಬರುವ ಮಕ್ಕಳ ಕೈಲಿ ಕಂಪ್ಯೂಟರಿನಲ್ಲಿ ಕಥೆ ಕಟ್ಟಿಸುತ್ತೇನೆ ಅಂದರೆ ಸಾಕು, ಎಲ್ಲರೂ ಕೇಳುವುದು ಒಂದೇ: "ಕಾರ್ಟೂನ್ ಬೆಕ್ಕನ್ನು ಓಡಾಡಿಸಿದರೆ ಬರೆಯೋದು ಬರುತ್ತಾ? ಅದು ಸುಮ್ನೆ ಆಟ ಅಲ್ವಾ?"

ಆಟವೇ. ಆದರೆ ಆ ಆಟದಲ್ಲಿ ಮಗು ತಾನು ಬರೆದ ಮಾತನ್ನು ತಾನೇ ತಿದ್ದುತ್ತದೆ. ನಾನು ಕೆಂಪು ಪೆನ್ನು ಹಿಡಿಯಬೇಕಾಗಿಲ್ಲ.

ನಾವು ಬಳಸುವುದು ಸ್ಕ್ರ್ಯಾಚ್ ಅನ್ನುವ ತಂತ್ರಾಂಶ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್‌ನವರು 2007ರಲ್ಲಿ ಹೊರತಂದದ್ದು, ದುಡ್ಡು ಕೊಡಬೇಕಾಗಿಲ್ಲ. ಮಾಡಿದ್ದು 8ರಿಂದ 16 ವರ್ಷದವರಿಗೆ ಪ್ರೋಗ್ರಾಮಿಂಗ್ ಕಲಿಸಲಿಕ್ಕೆ. ನನಗೆ ಬೇಕಾದ್ದು ಅದರ ಬೊಂಬೆಗಳು, ಅಂದರೆ ನಾವು ಹೇಳಿದ ಹಾಗೆ ಪರದೆಯ ಮೇಲೆ ಓಡಾಡಿ ಮಾತಾಡುವ ಬೆಕ್ಕಿನಂಥ ಚಿತ್ರಗಳು.

ತಂಗಿಯ ಮಗಳು, ಎಂಟು ವರ್ಷ, ಬೆಕ್ಕಿನ ಜೊತೆಗೆ ಒಂದು ಏಡಿ ತಂದು ನಿಲ್ಲಿಸಿದಳು. ಬೆಕ್ಕಿನ ಬಾಯಲ್ಲಿ ಬರೆದಳು: "ಏಡಿ ಏಡಿ, ನೀನು ಯಾಕೆ ಯಾವಾಗಲೂ ಅಡ್ಡಡ್ಡ ನಡೀತೀಯ, ನಿಮ್ಮಮ್ಮ ನೆಟ್ಟಗೆ ನಡೆಯೋದು ಹೇಳಿಕೊಡಲಿಲ್ವಾ?" ಮಾತಿನ ಗುಳ್ಳೆ ನಿಲ್ಲುವುದು ಎರಡು ಸೆಕೆಂಡು. ಒಂದನೇ ಕ್ಲಾಸಿನ ತಮ್ಮ ಅಕ್ಷರ ಕೂಡಿಸಿಕೊಂಡು "ಏಡಿ ಏಡಿ" ಅನ್ನುವಷ್ಟರಲ್ಲಿ ಗುಳ್ಳೆ ಮಾಯ! ಸಿಟ್ಟು ಬಂದು ಹತ್ತು ಸೆಕೆಂಡು ಮಾಡಿದಳು. ಈಗ ಅವನು ಪೂರ್ತಿ ಓದಿದ, ಆದರೆ ನಗಲಿಲ್ಲ. ಅಷ್ಟೂ ಹೊತ್ತು ಏಡಿ ಕಂಬದ ಹಾಗೆ ನಿಂತಿತ್ತು. ಅಳಿಸಿದಳು, ಬರೆದಳು, ಮತ್ತೆ ಅಳಿಸಿದಳು. ಕೊನೆಗೆ ಉಳಿದದ್ದು: "ಯಾಕೋ ಅಡ್ಡ ನಡೀತೀಯ?" ಮೂರು ಸೆಕೆಂಡು. ಏಡಿಯ ಉತ್ತರ: "ದಾರೀನೇ ಅಡ್ಡ ಇದೆ."

ಆಮೇಲೆ ಇನ್ನೊಂದು ರಗಳೆ. "ದೊಡ್ಡಮ್ಮ, ಇಬ್ಬರೂ ಒಟ್ಟಿಗೆ ಮಾತಾಡ್ತಾರೆ!" ಆಟ ಶುರು ಮಾಡುವ ಹಸಿರು ಬಾವುಟದ ಗುಂಡಿ ಒತ್ತಿದ ಕೂಡಲೇ ಎರಡೂ ಶುರುವಾದರೆ ಹಾಗೇ ಆಗುವುದು. "ಬೆಕ್ಕು ಮಾತಾಡುವಾಗ ಏಡಿ ಏನು ಮಾಡ್ತಿರುತ್ತೆ?" ಅಂದೆ. ಅದನ್ನು ಅವಳು ಯೋಚಿಸಿರಲಿಲ್ಲ. ಆ ಮೂರು ಸೆಕೆಂಡು ಏಡಿ ಮೆಲ್ಲಗೆ ಪಕ್ಕಕ್ಕೆ ಸರಿಯುವ ಹಾಗೆ ಮಾಡಿ, ಆಮೇಲೆ ಬಾಯಿ ಬಿಡಿಸಿದಳು. ತಮ್ಮ ಬಿದ್ದು ಬಿದ್ದು ನಕ್ಕ.

ಕಾರ್ಟೂನ್ ಇರುವ ಬರವಣಿಗೆ ತಂತ್ರಾಂಶ ಹೊಸದೇನಲ್ಲ. 1990ರ ದಶಕದಲ್ಲೇ ಮೈಕ್ರೋಸಾಫ್ಟ್‌ನ ಕ್ರಿಯೇಟಿವ್ ರೈಟರ್ ಇತ್ತು. ಅದರಲ್ಲಿ ಮೆಕ್‌ಝೀ ಅನ್ನುವ ವಿಚಿತ್ರ ವೇಷದವನು ಮಕ್ಕಳಿಗೆ ದಾರಿ ತೋರಿಸುತ್ತಿದ್ದ. ಅಲ್ಲಿ ಕಾರ್ಟೂನ್ ಒಬ್ಬ ಮೇಷ್ಟ್ರು. ಇಲ್ಲಿ ಅದು ನಟ, ಬರೆದುಕೊಟ್ಟಷ್ಟೇ ಆಡುತ್ತದೆ. ನನಗೆ ಇದೇ ಇಷ್ಟ.

ಇನ್ನೂ ಚಿಕ್ಕವರಿಗೆ, 5ರಿಂದ 7 ವರ್ಷದವರಿಗೆ, ಸ್ಕ್ರ್ಯಾಚ್ ಜೂನಿಯರ್ ಇದೆ. ಅದರಲ್ಲಿ ಎಲ್ಲ ಚಿತ್ರಗಳೇ, ಓದು ಬರದಿದ್ದರೂ ನಡೆಯುತ್ತದೆ. ಮಾತನ್ನು ದನಿಯಲ್ಲೇ ರೆಕಾರ್ಡ್ ಮಾಡಬಹುದು. ಒಂದು ಕಥೆಗೆ ನಾಲ್ಕೇ ಪುಟ, ಹಾಗಾಗಿ ಎಳೆಯೋಕೆ ಆಗಲ್ಲ.

ಕನ್ನಡದಲ್ಲಿ ಬರೆಯಬಹುದಾ ಅಂತಲೂ ಕೇಳುತ್ತಾರೆ. ಧಾರಾಳವಾಗಿ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೆ ಗುಳ್ಳೆಯಲ್ಲಿ ಕನ್ನಡ ಮೂಡುತ್ತದೆ.

ಒಂದು ಕಾಟ ಮಾತ್ರ ಇದೆ. ಬಿಟ್ಟರೆ ಬೊಂಬೆಗೆ ಬಣ್ಣ ಬಳಿಯುವುದರಲ್ಲೇ ಸಂಜೆ ಕಳೆದುಹೋಗುತ್ತದೆ, ಕಥೆ ಒಂದು ಸಾಲೂ ಮುಂದೆ ಹೋಗಲ್ಲ. ಅದಕ್ಕೇ ನಮ್ಮ ಮನೆಯಲ್ಲಿ ಒಂದು ಕಟ್ಟುನಿಟ್ಟು: ಕಥೆಯ ಎರಡು ಬೊಂಬೆಗಳೂ ಎರಡೆರಡು ಮಾತಾಡುವ ತನಕ ಬಣ್ಣ ಮುಟ್ಟುವ ಹಾಗಿಲ್ಲ. ಏಡಿಗೆ ಮೀಸೆ ಬಂದದ್ದು ಅದಾದ ಮೇಲೆ.