ಎಎಲ್‌ಪಿ ಎದುರು ‘ಎಚ್’ ಕಂಡರೆ ಮೊದಲು ವಯಸ್ಸು ನೋಡಿ

ಹದಿಮೂರು ವರ್ಷದ ಹುಡುಗನ ಲಿವರ್ ಟೆಸ್ಟ್ ರಿಪೋರ್ಟ್. ಎಎಲ್‌ಪಿ (ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ) 340, ಪಕ್ಕದಲ್ಲಿ ದಪ್ಪಕ್ಷರದ ‘ಎಚ್’, ಅಂದರೆ ‘ಹೈ’, ಹೆಚ್ಚು, ಮಿತಿಯ ಕಾಲಂನಲ್ಲಿ 40–130. ಶಿರಸಿಯಿರಲಿ, ಕಾರವಾರವಿರಲಿ, ಇಂಥ ಹಾಳೆ ಹಿಡಿದು ಗಾಬರಿಯಾಗುವ ಅಪ್ಪ-ಅಮ್ಮಂದಿರು ತಿಳಿಯಬೇಕಾದದ್ದು ಇಷ್ಟು: ಆ ಮಿತಿ ದೊಡ್ಡವರದು. ಬೆಳೆಯುವ ಮಕ್ಕಳಲ್ಲಿ ಎಲುಬು ಕಟ್ಟುವ ಜೀವಕೋಶಗಳೂ ಈ ಕಿಣ್ವವನ್ನು ಧಾರಾಳವಾಗಿ ರಕ್ತಕ್ಕೆ ಬಿಡುತ್ತವೆ. ಎತ್ತರ ಭರದಿಂದ ಏರುವ ವಯಸ್ಸಿನಲ್ಲಿ ಅದು ದೊಡ್ಡವರ ಮಿತಿಯ ಎರಡು-ಮೂರು ಪಟ್ಟು ಇರುವುದು ಸಹಜ. ಹೆಣ್ಣುಮಕ್ಕಳಲ್ಲಿ ಈ ಏರಿಕೆ ಒಂದೆರಡು ವರ್ಷ ಮೊದಲೇ ಬಂದು ಮೊದಲೇ ಇಳಿಯುತ್ತದೆ. ಹಾಗಾಗಿ 15ರ ಹುಡುಗನಿಗೆ ಸರಿಯಾದ ಅಂಕಿ, ಅದೇ ವಯಸ್ಸಿನ ಹುಡುಗಿಯಲ್ಲಿ ಕಂಡರೆ ಕಾರಣ ಹುಡುಕಬೇಕಾದೀತು.

ಹೆಚ್ಚಿರುವುದು ಎಲುಬಿನದೋ ಲಿವರಿನದೋ ಎಂಬ ಅನುಮಾನಕ್ಕೆ ಜಿಜಿಟಿ ಎಂಬ ಇನ್ನೊಂದು ಲಿವರ್ ಕಿಣ್ವವನ್ನು ನೋಡುತ್ತಾರೆ. ಎಲುಬಿನಿಂದ ಜಿಜಿಟಿ ಬರುವುದಿಲ್ಲ. ಅದು ಸಹಜವಿದ್ದರೆ ಲಿವರಿನ ಮೇಲಿನ ಸಂಶಯ ಬಹಳ ಕಡಿಮೆಯಾಗುತ್ತದೆ. ಆದರೆ ಎಳೆಗೂಸಿಗೆ ಈ ಲೆಕ್ಕ ನಡೆಯದು, ಹುಟ್ಟಿದ ಮೊದಲ ವಾರಗಳಲ್ಲಿ ಜಿಜಿಟಿಯೇ ದೊಡ್ಡವರಿಗಿಂತ ಹಲವು ಪಟ್ಟು ಹೆಚ್ಚಿರುತ್ತದೆ. ಮಗುವಿನ ಕಾಲು ಬಾಗಿದ್ದರೆ, ಎಲುಬು ನೋವಿದ್ದರೆ ‘ವಯಸ್ಸಿನದು’ ಎಂದು ಬಿಡಬೇಡಿ. ವಿಟಮಿನ್ ಡಿ ಕೊರತೆಯಲ್ಲೂ ಎಎಲ್‌ಪಿ ಏರುತ್ತದೆ. ಬಸುರಿಯರಲ್ಲಿ ಕೊನೆಯ ಮೂರು ತಿಂಗಳು ಮಾಸು ಈ ಕಿಣ್ವವನ್ನು ಸೇರಿಸುತ್ತದೆ. ಮುಟ್ಟು ನಿಂತ ಮೇಲೂ ತುಸು ಏರಿಕೆ ಉಂಟು.

ಗಂಡು-ಹೆಣ್ಣಿನ ಅಂತರ ಎದ್ದು ಕಾಣುವುದು ಸಿಕೆಯಲ್ಲಿ (ಕ್ರಿಯಾಟಿನ್ ಕೈನೇಸ್). ಇದು ಸ್ನಾಯುವಿನ ಕಿಣ್ವ. ಗಂಡಸರಲ್ಲಿ ಸ್ನಾಯು ಹೆಚ್ಚು, ಸಿಕೆಯೂ ಹೆಚ್ಚು. ಅಡಿಕೆ ಕೊಯ್ಲು ಶುರುವಾದ ಹೊಸತರಲ್ಲಿ ಮರ ಹತ್ತಿದ ಕೊನೆಗೌಡರ, ಬಲೆ ಎಳೆದ ಮೀನುಗಾರರ ರಕ್ತ ತೆಗೆದರೆ ಇದು ಮಿತಿ ದಾಟಿರುವುದು ಸಾಮಾನ್ಯ. ಜೊತೆಗೆ ಲಿವರ್, ಸ್ನಾಯು ಎರಡರಲ್ಲೂ ಇರುವ ಎಎಸ್‌ಟಿ ಕಿಣ್ವವೂ ಏರಿ ಲಿವರ್ ಕಾಯಿಲೆಯ ಹಾಗೆ ಕಾಣುತ್ತದೆ. ತುರ್ತಿಲ್ಲದಿದ್ದರೆ ಒಂದು ವಾರ ಭಾರದ ಕೆಲಸ ಬಿಟ್ಟು ಮತ್ತೆ ನೋಡುವುದು ಒಳ್ಳೆಯದು. ಸೊಂಟಕ್ಕೆ ಕೊಟ್ಟ ಇಂಜೆಕ್ಷನ್ನೂ ಸಿಕೆ ಏರಿಸುತ್ತದೆ, ಅದನ್ನೂ ವೈದ್ಯರಿಗೆ ಹೇಳಿ.

ಲ್ಯಾಬಿನ ಗೆಳೆಯರಿಗೆ: ಚೀಟಿಯಲ್ಲಿ ವಯಸ್ಸು ಖಾಲಿ ಬಿಡಬೇಡಿ, ಕೂಸುಗಳದ್ದನ್ನು ದಿನ ಅಥವಾ ತಿಂಗಳಲ್ಲಿ ಬರೆಯಿರಿ. ವಯಸ್ಸು, ಲಿಂಗ ಇಲ್ಲದಿದ್ದರೆ ಸರಿಯಾದ ಮಿತಿ ಮುದ್ರಿಸಲು ದಾರಿಯೇ ಇಲ್ಲ. ನೇರಳೆ ಮುಚ್ಚಳದ ಟ್ಯೂಬಿನ ರಕ್ತದಲ್ಲಿ ಎಎಲ್‌ಪಿ ಮಾಡಬೇಡಿ. ಅದರಲ್ಲಿನ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ಹಾಕಿರುವ ರಾಸಾಯನಿಕ), ಕಿಣ್ವಕ್ಕೆ ಬೇಕಾದ ಮೆಗ್ನೀಸಿಯಂ ಮತ್ತು ಸತುವನ್ನು ಹಿಡಿದಿಟ್ಟು ಅಂಕಿಯನ್ನು ಸುಳ್ಳೇ ಇಳಿಸುತ್ತದೆ. ಜೋಯಿಡಾದಿಂದಲೋ ಅಂಕೋಲೆಯಿಂದಲೋ ಕಾರವಾರಕ್ಕೆ ಬಸ್ಸಿನಲ್ಲಿ ಕಳಿಸುವುದಾದರೆ, ಅರ್ಧ ಗಂಟೆ ಹೆಪ್ಪುಗಟ್ಟಲು ಬಿಟ್ಟು, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ, ಸೀರಮ್ (ಮೇಲೆ ನಿಲ್ಲುವ ತಿಳಿ) ಬೇರ್ಪಡಿಸಿಯೇ ಕಳಿಸಿ. ಕುಲುಕಾಟಕ್ಕೆ ಕೆಂಪು ಕಣ ಒಡೆದರೆ ಅದರೊಳಗಿನ ಕಿಣ್ವಗಳಾದ ಎಲ್‌ಡಿಎಚ್, ಎಎಸ್‌ಟಿ ಎರಡೂ ಸುಳ್ಳೇ ಏರುತ್ತವೆ. ಎಲ್‌ಡಿಎಚ್ ಸ್ಯಾಂಪಲ್ಲನ್ನು ಮಾತ್ರ ಐಸ್ ಡಬ್ಬಿಗೆ ಹಾಕಬೇಡಿ. ಎಲ್‌ಡಿಎಚ್‌ನಲ್ಲಿ ಹಲವು ಬಗೆಗಳಿವೆ; ಲಿವರಿನಲ್ಲಿರುವ ಬಗೆ ತಂಪಿಗೆ ಕೆಡುತ್ತದೆ.