ಸ್ವಲ್ಪ ವಾಲಿದ ಮೂಗಿನ ನಡುಗೋಡೆ: ಎಣ್ಣೆ ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಮಾಡುವುದಿಲ್ಲ

ವರದಿಯಲ್ಲಿ ‘ಮೈಲ್ಡ್ ಡಿಎನ್‌ಎಸ್’, ಅಂದರೆ ಮೂಗಿನ ನಡುಗೋಡೆ ಸ್ವಲ್ಪ ವಾಲಿದೆ ಎಂದು ಕಂಡ ಕೂಡಲೇ ಮೂಗಿಗೆ ಬಿಡುವ ಆಯುರ್ವೇದದ ಎಣ್ಣೆಯಾದ ಅಣು ತೈಲದ ಬಾಟಲಿ ಕೊಂಡು ತರುವವರು ತುಂಬ ಮಂದಿ. ಒಂದು ಮಾತು ಮೊದಲೇ ಹೇಳಿಬಿಡಬೇಕು: ಯಾವ ತೈಲವೂ, ಯಾವ ಕಷಾಯವೂ ವಾಲಿದ ಗೋಡೆಯನ್ನು ನೆಟ್ಟಗೆ ಮಾಡುವುದಿಲ್ಲ. ಅದರ ಮುಂಭಾಗ ಮೃದ್ವಸ್ಥಿ, ಹಿಂಭಾಗ ಎಲುಬು. ಅದನ್ನು ನೇರಗೊಳಿಸಲು ಶಸ್ತ್ರಚಿಕಿತ್ಸೆಯೇ ಬೇಕು.

ಆದರೆ ಗೋಡೆ ವರ್ಷವಿಡೀ ಒಂದೇ ಥರ ವಾಲಿರುತ್ತದೆ, ಮೂಗು ಮಾತ್ರ ಕೆಲವು ದಿನ, ಕೆಲವು ಹೊತ್ತು ಕಟ್ಟುತ್ತದೆ. ಈ ಏರಿಳಿತಕ್ಕೆ ಕಾರಣ ಒಳಗಿನ ಲೋಳೆಪೊರೆ. ಅದು ಊದಿಕೊಳ್ಳುತ್ತದೆ ಇಲ್ಲವೇ ಒಣಗಿ ಹಕ್ಕಳೆ ಕಟ್ಟುತ್ತದೆ. ನಸ್ಯ (ಮೂಗಿಗೆ ಮದ್ದಿನ ಹನಿ ಬಿಡುವುದು), ನೇತಿ (ಉಪ್ಪುನೀರಿನಿಂದ ಮೂಗು ತೊಳೆಯುವುದು), ಪಥ್ಯ ಎಲ್ಲವೂ ಮುಟ್ಟುವುದು ಇದನ್ನೇ.

ಮೂಗಿನ ಪಕ್ಕದ ಗೋಡೆಗಳಲ್ಲಿ ಟರ್ಬಿನೇಟ್ ಎಂಬ ಮಡಿಕೆಗಳಿವೆ. ಆರೋಗ್ಯವಂತರಲ್ಲೂ ಅವು ಕೆಲವು ಗಂಟೆಗೊಮ್ಮೆ ಸರದಿಯಂತೆ ಒಂದು ಕಡೆ ಊದಿ ಇನ್ನೊಂದು ಕಡೆ ಇಳಿಯುತ್ತವೆ. ಎರಡೂ ಹೊಳ್ಳೆ ಅಗಲವಿದ್ದವರಿಗೆ ಇದು ತಿಳಿಯುವುದೇ ಇಲ್ಲ. ಒಂದು ಕಡೆ ಇಕ್ಕಟ್ಟಿದ್ದವರಿಗೆ ಆ ಕಡೆಯ ಸರದಿ ಬಂದಾಗ ಉಸಿರು ಪೂರ್ತಿ ನಿಂತಂತಾಗುತ್ತದೆ. ಜೊತೆಗೆ ಗೋಡೆ ಸರಿದು ಅಗಲವಾದ ಕಡೆಯ ಟರ್ಬಿನೇಟ್ ವರ್ಷಗಳಲ್ಲಿ ದಪ್ಪಗಾಗುತ್ತದೆ. ‘ವಾಲಿರುವುದು ಎಡಕ್ಕೆ ಅಂದರು, ನನಗೆ ಕಟ್ಟುವುದು ಬಲಗಡೆ’ ಎಂಬ ದೂರಿಗೆ ಅನೇಕ ಸಲ ಇದೇ ಕಾರಣ.

ನಿಮಗೆ ಕಟ್ಟುವುದು ಊತದಿಂದಲೋ ವಾಲಿದ ಗೋಡೆಯಿಂದಲೋ ಎಂದು ಅಂದಾಜು ಮಾಡಲು ಒಂದು ಸ್ಟೀಲ್ ತಟ್ಟೆ ಸಾಕು. ಫ್ರಿಜ್ಜಿನಲ್ಲಿ ತಣ್ಣಗಾದ ತಟ್ಟೆಯನ್ನು ಮೂಗಿನ ಕೆಳಗೆ ಅಡ್ಡ ಹಿಡಿದು, ಬಾಯಿ ಮುಚ್ಚಿ ಮೆಲ್ಲಗೆ ಉಸಿರು ಬಿಡಿ. ಎರಡು ಹಬೆಯ ಮಚ್ಚೆ ಮೂಡುತ್ತವೆ. ಒಂದು ವಾರ ಬೆಳಗ್ಗೆ, ಸಂಜೆ, ಮಲಗುವ ಮುಂಚೆ ನೋಡಿ. ಚಿಕ್ಕ ಮಚ್ಚೆ ಕಡೆ ಬದಲಿಸುತ್ತಿದ್ದರೆ ಊತದ ಪಾಲು ದೊಡ್ಡದು, ಮದ್ದಿಗೆ ಬಗ್ಗುವ ಸಾಧ್ಯತೆ ಹೆಚ್ಚು. ಯಾವಾಗಲೂ ಒಂದೇ ಕಡೆ ಚಿಕ್ಕದಾಗಿದ್ದು, ಹಬೆ ತೆಗೆದುಕೊಂಡ ಮೇಲೂ ಹಾಗೇ ಇದ್ದರೆ ರಚನೆಯ ಪಾಲು ದೊಡ್ಡದು. ಕೆನ್ನೆಯನ್ನು ಬೆರಳಿನಿಂದ ಪಕ್ಕಕ್ಕೆ ಎಳೆದಾಗ ಮಾತ್ರ ಉಸಿರು ಸರಾಗವಾದರೆ ಇಕ್ಕಟ್ಟು ಹೊಳ್ಳೆಯ ಬಾಯಿಯಲ್ಲೇ ಇರುವ ಸಂಭವ ಹೆಚ್ಚು. ಅಲ್ಲಿ ಎಣ್ಣೆಯಿಂದ ಹೆಚ್ಚೇನೂ ಆಗದು.

ಈಗ ನಸ್ಯ. ಮನೆಯಲ್ಲಿ ಮಾಡಿಕೊಳ್ಳಬೇಕಾದ್ದು ಪ್ರತಿಮರ್ಶ ನಸ್ಯ ಮಾತ್ರ, ಹೊಳ್ಳೆಗೆ 2 ಹನಿ. 6, 8, 10 ಹನಿಯ ಮರ್ಶ ನಸ್ಯ ವೈದ್ಯರ ಕಣ್ಣೆದುರೇ ಆಗಬೇಕು. ಮೂಗು ಒಣಗಿ ಹಕ್ಕಳೆ ಕಟ್ಟುವವರಿಗೆ ಅಣು ತೈಲ, ಅದೂ ಉರಿಯಾದರೆ ಬೆಚ್ಚಗಿನ ಹಸುವಿನ ತುಪ್ಪ. ಕಫ ತುಂಬಿ ತಲೆ ಭಾರವಾಗುವವರಿಗೆ ಷಡ್ಬಿಂದು ತೈಲ ಕೊಡುವುದುಂಟು. ಅದು ತೀಕ್ಷ್ಣ, ಮೂಗಲ್ಲಿ ರಕ್ತ ಬರುವವರು ಅದರ ಹತ್ತಿರ ಹೋಗಬೇಡಿ.

ಬೆಳಗ್ಗೆ ಹಲ್ಲುಜ್ಜಿದ ಮೇಲೆ, ಖಾಲಿ ಹೊಟ್ಟೆಯಲ್ಲಿ ಮಾಡಿ. ಬಾಟಲಿಯನ್ನು ಬಿಸಿನೀರಿನ ಲೋಟದಲ್ಲಿ ಎರಡು ನಿಮಿಷ ಇಟ್ಟು, ಒಂದು ಹನಿ ಮುಂಗೈ ಮೇಲೆ ಬಿಟ್ಟು ನೋಡಿ: ಬೆಚ್ಚಗಿರಬೇಕು, ಬಿಸಿ ತಾಕಬಾರದು. ಹಣೆ, ಕೆನ್ನೆಗೆ ಬಿಸಿನೀರಲ್ಲಿ ಹಿಂಡಿದ ಟವೆಲ್ ಒತ್ತಿ. ಭುಜದ ಕೆಳಗೆ ದಿಂಬಿಟ್ಟು ಮಲಗಿ, ತಲೆ ತುಸು ಹಿಂದಕ್ಕೆ ಬಾಗಲಿ. ಡ್ರಾಪರಿನ ತುದಿ ನಡುಗೋಡೆಗೆ ತಾಗದಂತೆ, ಹೊರಗೋಡೆಯ ಕಡೆ ಹನಿ ಬಿಡಿ. ವಾಲಿದ ಕಡೆಯ ಉಬ್ಬಿನ ಮೇಲೆ ಪೊರೆ ತೆಳ್ಳಗಿರುತ್ತದೆ, ಗಾಳಿ ರಭಸವಾಗಿ ಬಡಿದು ಒಣಗಿರುತ್ತದೆ. ತುದಿ ಕೆರೆದರೆ ರಕ್ತ ಬರುವುದು ಅಲ್ಲಿಂದಲೇ.

ಇಲ್ಲಿ ಬಹಳ ಜನ ತಪ್ಪುವುದು ಒಂದು ಕಡೆ: ಎಣ್ಣೆ ‘ಒಳಗೆ ಹೋಗಲಿ’ ಎಂದು ಜೋರಾಗಿ ಸೆಳೆಯುತ್ತಾರೆ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಕೆಮ್ಮಿ ಹೊರಹಾಕುವುದು ಕಷ್ಟ. ತಿಂಗಳುಗಟ್ಟಲೆ ಹೀಗೇ ನಡೆದರೆ ಲಿಪಾಯ್ಡ್ ನ್ಯುಮೋನಿಯಾ ಎಂಬ ಶ್ವಾಸಕೋಶದ ಉರಿಯೂತ ಬರಬಹುದು. ಆದ್ದರಿಂದ ಸಹಜವಾಗಿ ಉಸಿರಾಡಿ, ಮನಸ್ಸಲ್ಲೇ ನೂರು ಎಣಿಸುವವರೆಗೆ ಮಲಗಿರಿ, ಗಂಟಲಿಗೆ ಇಳಿದದ್ದನ್ನು ನುಂಗದೆ ಉಗಿಯಿರಿ, ಬೆಚ್ಚಗಿನ ನೀರಲ್ಲಿ ಬಾಯಿ ಮುಕ್ಕಳಿಸಿ. ಎಣ್ಣೆ ಬಿಟ್ಟುಕೊಂಡು ಹಾಗೇ ನಿದ್ದೆ ಹೋಗುವುದು ಬೇಡ. ಚಿಕ್ಕ ಮಕ್ಕಳಿಗೂ, ನುಂಗಲು ತೊಂದರೆಯಿರುವ ವೃದ್ಧರಿಗೂ ಎಣ್ಣೆ ಬೇಡವೇ ಬೇಡ.

ಹೊಸ ನೆಗಡಿ, ಜ್ವರ, ಗರ್ಭಾವಸ್ಥೆ, ಊಟವಾದ ಕೂಡಲೆ, ತಲೆಸ್ನಾನದ ಹಿಂದೆಮುಂದೆ ನಸ್ಯ ಮಾಡಬಾರದೆಂದು ಶಾಸ್ತ್ರವೇ ಹೇಳುತ್ತದೆ. ಅಣು ತೈಲವನ್ನು ಆಕಾಶ ನಿರ್ಮಲವಾಗಿರುವಾಗ ಬಳಸಬೇಕೆನ್ನುತ್ತದೆ ಚರಕ ಸಂಹಿತೆ. ಆಷಾಢದ ಜಡಿಮಳೆಯಲ್ಲಿ ಮಲೆನಾಡು, ಕರಾವಳಿಯವರು ಇದನ್ನು ನೆನಪಿಡಿ. ಆಗ ಹಬೆ ಸಾಕು: ಬರೀ ನೀರಿನದು, 5 ನಿಮಿಷ, ಪಾತ್ರೆ ಗಟ್ಟಿ ಮೇಜಿನ ಮೇಲೆ, ತೊಡೆಯ ಮೇಲಲ್ಲ. ಮಕ್ಕಳಿರುವ ಮನೆಯಲ್ಲಿ ನೀರಿಗೆ ಕರ್ಪೂರ ಹಾಕಲೇಬೇಡಿ.

ಧೂಳು, ಪರಾಗದ ಅಲರ್ಜಿ ಜೊತೆಗಿದ್ದರೆ ನನ್ನ ಲೆಕ್ಕದಲ್ಲಿ ಎಣ್ಣೆಗಿಂತ ಜಲನೇತಿ ಮೇಲು. ಇದು ಹಠಯೋಗದ ಕ್ರಿಯೆ, ಆಯುರ್ವೇದದವರೂ ಧಾರಾಳವಾಗಿ ಹೇಳುತ್ತಾರೆ. ಅರ್ಧ ಲೀಟರ್ ನೀರಿಗೆ 4.5 ಗ್ರಾಂ ಉಪ್ಪು, ಅಂದರೆ ಪುಡಿ ಉಪ್ಪಾದರೆ ತಲೆ ಮಟ್ಟ ಮಾಡಿದ ಟೀ ಚಮಚದ ಮುಕ್ಕಾಲು. ಕಲ್ಲುಪ್ಪಿನ ಅಳತೆ ಚಮಚದಲ್ಲಿ ಏರುಪೇರಾಗುತ್ತದೆ, ತೂಗಿಯೇ ಹಾಕಿ. ಉಪ್ಪು ಕಡಿಮೆಯಾದರೂ ಹೆಚ್ಚಾದರೂ ಮೂಗು ಉರಿಯುತ್ತದೆ. ಉರಿದರೆ ಅಳತೆ ತಪ್ಪಿದೆ ಎಂದೇ ತಿಳಿಯಿರಿ. ನೀರು ಕನಿಷ್ಠ 1 ನಿಮಿಷ ಕೊತಕೊತ ಕುದಿದು ಬೆಚ್ಚಗಾಗಿರಬೇಕು. ಫಿಲ್ಟರ್ ನೀರಿಗೂ ಇದೇ ನಿಯಮ. ಕೇರಳದಲ್ಲಿ 2024, 2025ರಲ್ಲಿ ಸುದ್ದಿಯಾದ ಅಮೀಬಾ ಮೆದುಳು ಸೋಂಕು ದೇಹ ಹೊಗುವುದು ಹೆಚ್ಚಾಗಿ ಮೂಗಿನ ಮೂಲಕವೇ. ಬಾವಿ, ಬೋರ್‌ವೆಲ್, ನಲ್ಲಿ ನೀರನ್ನು ಕುದಿಸದೆ ಮೂಗಿಗೆ ಬಿಡಬೇಡಿ.

ತೆರೆದಿರುವ ಕಡೆಯಿಂದ ನೀರು ಬಿಟ್ಟು ಇಕ್ಕಟ್ಟಿನ ಕಡೆಯಿಂದ ಬರಲಿ ಎಂದು ಒತ್ತಡ ಹಾಕಿದರೆ ನೀರು ಕಿವಿಯತ್ತ ನುಗ್ಗಬಹುದು. ಒಂದು ಕಡೆ ಪೂರ್ತಿ ಕಟ್ಟಿರುವ ದಿನ ನೇತಿ ಮಾಡಬೇಡಿ. ಮುಗಿದ ಮೇಲೆ ಸೊಂಟದಿಂದ ಮುಂದಕ್ಕೆ ಬಾಗಿ, ಎರಡೂ ಹೊಳ್ಳೆ ತೆರೆದಿಟ್ಟು ಮೆಲ್ಲಗೆ ಉಸಿರು ಹೊರದಬ್ಬಿ. ಒಂದು ಹೊಳ್ಳೆ ಮುಚ್ಚಿ ಜೋರಾಗಿ ಸೀಂಟಬೇಡಿ. ನೇತಿ ಸಂಜೆಗಿಟ್ಟುಕೊಂಡರೆ ಬೆಳಗಿನ ನಸ್ಯಕ್ಕೆ ಅಡ್ಡಿಯಿಲ್ಲ. ವೈದ್ಯರು ಸ್ಟೀರಾಯ್ಡ್ ಸ್ಪ್ರೇ ಬರೆದಿದ್ದರೆ ಅದನ್ನು ನೇತಿಯ ನಂತರ ಬಳಸಿ. ಎಣ್ಣೆ ಸವರಿದ ಪೊರೆಯ ಮೇಲೆ ಬೇಡ, ಮದ್ದು ತಾಗುವುದೇ ಅನುಮಾನ. ಕಟ್ಟಿದ ಮೂಗು ಬಿಡಿಸಲೆಂದು ಅಂಗಡಿಯಲ್ಲಿ ಸಿಗುವ ಆಕ್ಸಿಮೆಟಜೋಲಿನ್, ಜೈಲೋಮೆಟಜೋಲಿನ್ ಹನಿಗಳನ್ನು 3ರಿಂದ 5 ದಿನಕ್ಕಿಂತ ಹೆಚ್ಚು ಬಳಸಿದರೆ ಮೂಗು ಮೊದಲಿಗಿಂತ ಹೆಚ್ಚು ಕಟ್ಟುತ್ತದೆ. ‘ಆಯುರ್ವೇದ ಹಿಡಿಯಲಿಲ್ಲ’ ಎನ್ನುವವರು ಈ ಹನಿ ಇನ್ನೂ ಹಾಕುತ್ತಿದ್ದೀರಾ ಎಂದು ಮೊದಲು ನೋಡಿಕೊಳ್ಳಿ.

ಹೊಟ್ಟೆಗೆ ತೆಗೆದುಕೊಳ್ಳುವ ಮದ್ದಿನ ಬಗ್ಗೆ ಚುಟುಕಾಗಿ. ಹರಿದ್ರಾಖಂಡದಲ್ಲಿ ಸಕ್ಕರೆ, ಚಿತ್ರಕ ಹರೀತಕಿಯಲ್ಲಿ ಬೆಲ್ಲ ಧಾರಾಳ, ಮಧುಮೇಹಿಗಳಿಗೆ ಸಲ್ಲದು. ಜೇಷ್ಠಮಧು ವಾರಗಟ್ಟಲೆ ತಿಂದರೆ ಬಿಪಿ ಏರಬಹುದು. ಲಕ್ಷ್ಮೀವಿಲಾಸ ರಸದಲ್ಲಿ ಪಾದರಸವಿದೆ, ವೈದ್ಯರ ಚೀಟಿಯಿಲ್ಲದೆ ಮುಟ್ಟಬೇಡಿ.

ದುಡ್ಡಿಲ್ಲದ ಉಪಾಯವೂ ಒಂದಿದೆ. ಮಗ್ಗುಲಾಗಿ ಮಲಗಿದಾಗ ಕೆಳಗಿನ ಹೊಳ್ಳೆ ಊದುತ್ತದೆ. ಇಕ್ಕಟ್ಟಿನ ಹೊಳ್ಳೆ ಮೇಲಿರುವಂತೆ ಮಲಗಿ, ತಲೆ ಕಡೆ ತುಸು ಎತ್ತರವಿರಲಿ. ಮಲಗುವ ಕೋಣೆಯಲ್ಲಿ ಸೊಳ್ಳೆ ಬತ್ತಿ, ಊದುಬತ್ತಿ ನಿಲ್ಲಿಸಿ.

ಇಷ್ಟನ್ನು ಮೂರ್ನಾಲ್ಕು ವಾರ ಸರಿಯಾಗಿ ಮಾಡಿ ಮತ್ತೆ ತಟ್ಟೆ ಹಿಡಿದು ನೋಡಿ. ಮಚ್ಚೆಯಲ್ಲೂ ನಿದ್ದೆಯಲ್ಲೂ ವ್ಯತ್ಯಾಸವಿಲ್ಲದಿದ್ದರೆ ಎಣ್ಣೆ ಬದಲಿಸುತ್ತಾ ಕೂರದೆ ಇಎನ್‌ಟಿ ವೈದ್ಯರ ಬಳಿ ಎಂಡೋಸ್ಕೋಪಿ ಮಾಡಿಸಿ. ಒಂದೇ ಹೊಳ್ಳೆಯಿಂದ ರಕ್ತ ಅಥವಾ ದುರ್ವಾಸನೆಯ ಸಿಂಬಳ, ವಾಸನೆ ತಿಳಿಯದಿರುವುದು, ನಿದ್ದೆಯಲ್ಲಿ ಉಸಿರು ನಿಂತು ಎಚ್ಚರವಾಗುವುದು, ಇವಿದ್ದರೆ ಅಷ್ಟು ದಿನವೂ ಕಾಯಬೇಡಿ. ಮೂಗಿಗೆ ಪೆಟ್ಟು ಬಿದ್ದ ಮೇಲೆ ಎರಡೂ ಕಡೆ ಕಟ್ಟಿದರೆ ಗೋಡೆಯಲ್ಲಿ ರಕ್ತ ಶೇಖರವಾಗಿರಬಹುದು. ಅದು ಮೃದ್ವಸ್ಥಿಯನ್ನು ಕರಗಿಸಿಬಿಡುತ್ತದೆ, ಆವತ್ತೇ ಆಸ್ಪತ್ರೆಗೆ ಹೋಗಿ.